ಬಸ್ಸಿನ ಮನೆಗೆ ಚಳಿಗಾಲದ ಹೊದಿಕೆ: ಕಡಿಮೆ ಖರ್ಚಿನಲ್ಲಿ ಶಾಖ ಉಳಿಸುವ ಕ್ರಮ

ಬಸ್ಸನ್ನು ವಾಸದ ಮನೆಯಾಗಿ ಮಾರ್ಪಡಿಸಿಕೊಂಡವರು ಚಳಿಗಾಲ ಹತ್ತಿರವಾದಂತೆ ಕೇಳುವ ಮೊದಲ ಪ್ರಶ್ನೆ, ಶಾಖ ನಿರೋಧಕ ಹಾಳೆಯನ್ನು ಎಷ್ಟು ದಪ್ಪ ಹಾಕಬೇಕು ಎಂಬುದು. ಕೈಯಲ್ಲಿರುವ ಹಣ ಮಿತವಾಗಿದ್ದಾಗ ಅದಕ್ಕಿಂತ ಮುಖ್ಯವಾದದ್ದು, ಹಾಳೆಯನ್ನು ಎಲ್ಲೆಲ್ಲಿ ಹಾಕಬೇಕು ಮತ್ತು ಯಾವುದನ್ನು ಮೊದಲು ಮಾಡಬೇಕು ಎಂಬ ಪ್ರಶ್ನೆ. ಇದನ್ನು ಅಂದಾಜಿನ ಮೇಲೆ ಬಿಡದೆ ಒಂದು ಸಣ್ಣ ಲೆಕ್ಕದಿಂದಲೇ ತೀರ್ಮಾನಿಸಬಹುದು.

10.2 ಮೀಟರ್ ಉದ್ದ, 2.4 ಮೀಟರ್ ಅಗಲ ಮತ್ತು 1.9 ಮೀಟರ್ ಒಳ ಎತ್ತರದ ಒಂದು ಬಸ್ಸನ್ನು ತೆಗೆದುಕೊಳ್ಳೋಣ. ನೆಲ, ಚಾವಣಿ ಮತ್ತು ನಾಲ್ಕು ಗೋಡೆಗಳು ಸೇರಿ ಅದರ ಮೈ ಸುಮಾರು 97 ಚದರ ಮೀಟರ್ ಆಗುತ್ತದೆ. ಅದರಲ್ಲಿ 12 ಚದರ ಮೀಟರ್ ಗಾಜು, ಉಳಿದ 85 ಚದರ ಮೀಟರ್ ತಗಡು ಎಂದಿಟ್ಟುಕೊಳ್ಳೋಣ. ಒಳಗೆ 20 ಡಿಗ್ರಿ ಸೆಲ್ಸಿಯಸ್, ಹೊರಗೆ ಸೊನ್ನೆಗಿಂತ 5 ಡಿಗ್ರಿ ಕೆಳಗೆ ಇದ್ದರೆ ಅಂತರ 25 ಡಿಗ್ರಿ. ಬರಿಯ ತಗಡು ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ಅಂತರಕ್ಕೆ 5.9 ವ್ಯಾಟ್‌ನಷ್ಟು ಶಾಖವನ್ನು ಹೊರಗೆ ಬಿಡುವುದರಿಂದ, ಏನೂ ಹಾಕದ ಬಸ್ಸಿನ ತಗಡಿನಿಂದಲೇ ಸುಮಾರು 12,500 ವ್ಯಾಟ್ ಹೋಗುತ್ತದೆ. ಅದೇ ತಗಡಿಗೆ 25 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ (ಗಟ್ಟಿಯಾದ ಪಾಲಿಸ್ಟೈರೀನ್ ಫೋಮ್) ಹಾಳೆಯನ್ನು ಎಲ್ಲೂ ಸಂದು ಬಿಡದೆ ಹೊದಿಸಿದರೆ ನಷ್ಟ 2,300 ವ್ಯಾಟ್‌ಗೆ ಇಳಿಯುತ್ತದೆ. ಇನ್ನೊಂದು 25 ಮಿಲಿಮೀಟರ್ ಸೇರಿಸಿದರೆ 1,250ಕ್ಕೆ ಇಳಿಯುತ್ತದೆ. ಅಂದರೆ ಮೊದಲ ಪದರ ಹತ್ತು ಸಾವಿರಕ್ಕೂ ಹೆಚ್ಚು ವ್ಯಾಟ್ ಉಳಿಸಿದರೆ, ಅಷ್ಟೇ ಹಣ ತಿನ್ನುವ ಎರಡನೆಯ ಪದರ ಉಳಿಸುವುದು ಸಾವಿರದಷ್ಟು ಮಾತ್ರ.

ಈಗ ಗಾಜನ್ನು ನೋಡಿ. ಒಂಟಿ ಗಾಜು ಹೆಚ್ಚುಕಡಿಮೆ ಬರಿತಗಡಿನಷ್ಟೇ ಶಾಖ ಬಿಡುತ್ತದೆ. 12 ಚದರ ಮೀಟರಿನಿಂದ 1,750 ವ್ಯಾಟ್ ಹೋಗುತ್ತದೆ. ರಾತ್ರಿ ಹೊತ್ತು ಆ ಗಾಜುಗಳಿಗೆ ಅದೇ 25 ಮಿಲಿಮೀಟರ್ ಹಾಳೆಯ ಮುಚ್ಚಳಗಳನ್ನು ಬಿಗಿಯಾಗಿ ಕೂರಿಸಿದರೆ ನಷ್ಟ 320 ವ್ಯಾಟ್‌ಗೆ ಬರುತ್ತದೆ. ಗೋಡೆ, ಚಾವಣಿ, ನೆಲಗಳಿಗೆ 85 ಚದರ ಮೀಟರ್ ಹಾಳೆಯನ್ನು ಎರಡನೆಯ ಬಾರಿ ಹಾಕಿ ಉಳಿಸುವುದಕ್ಕಿಂತ ಹೆಚ್ಚನ್ನು 12 ಚದರ ಮೀಟರ್ ಹಾಳೆ ಕಿಟಕಿಯಲ್ಲಿ ಉಳಿಸುತ್ತದೆ. ಆದುದರಿಂದ ನನ್ನ ಸಲಹೆ ಇಷ್ಟು: ತೆಳುವಾದರೂ ಸರಿ, ಒಂದು ಪದರ ಎಲ್ಲ ಕಡೆಯೂ ಬರಲಿ, ಮಿಕ್ಕ ಹಣ ಕಿಟಕಿಗೆ, ಕಬ್ಬಿಣದ ಚೌಕಟ್ಟಿಗೆ ಮತ್ತು ಗಾಳಿ ನುಗ್ಗುವ ಸಂದುಗಳಿಗೆ ಹೋಗಲಿ. ಅದೆಲ್ಲ ಮುಗಿದ ಮೇಲೂ ಹಣ ಉಳಿದರೆ ಎರಡನೆಯ ಪದರದ ಮಾತು.

ಬಿಚ್ಚುವುದು ಮತ್ತು ನೀರು ನಿಲ್ಲಿಸುವುದು

ಕೆಲಸವನ್ನು ಒಣ ಹವೆಯಲ್ಲಿ, ಚಳಿ ಹತ್ತುವುದಕ್ಕೆ ಮೊದಲೇ ಶುರುಮಾಡಬೇಕು. ಬಣ್ಣ, ಅಂಟು ಮತ್ತು ಫೋಮ್ ಯಾವುದೂ ತಣ್ಣಗಿನ ತೇವದ ತಗಡಿಗೆ ಸರಿಯಾಗಿ ಹಿಡಿಯುವುದಿಲ್ಲ. ಒಳಗಿನ ಗೋಡೆ ಮತ್ತು ಚಾವಣಿಯ ಹೊದಿಕೆ ತಗಡುಗಳನ್ನು ಬಿಚ್ಚಿದಾಗ ಹಿಂದೆ ಹಳೆಯ ಗ್ಲಾಸ್‌ವೂಲ್ (ಗಾಜಿನ ನಾರಿನ ಹೊದಿಕೆ) ಸಿಗಬಹುದು. ವರ್ಷಗಟ್ಟಲೆ ತೇವ ಹೀರಿ ಕುಸಿದು, ಬೂಷ್ಟು ಹಿಡಿದಿರುವ ಅದನ್ನು ಉಳಿಸಿಕೊಳ್ಳುವ ಆಸೆ ಬೇಡ. ತುಂಬು ತೋಳಿನ ಬಟ್ಟೆ, ಕೈಗವಸು, ಕನ್ನಡಕ ಮತ್ತು ಧೂಳು ತಡೆಯುವ ಮುಖಗವಸು ಧರಿಸಿ ಅದನ್ನು ತೆಗೆದು ಚೀಲಗಳಲ್ಲಿ ಕಟ್ಟಿಡಿ. ನೆಲದ ರಬ್ಬರ್ ಮತ್ತು ಅದರ ಕೆಳಗಿನ ಪ್ಲೈವುಡ್ ಮೇಲ್ನೋಟಕ್ಕೆ ಗಟ್ಟಿಯಾಗಿದ್ದರೂ ಎತ್ತಿ ನೋಡಲೇಬೇಕು, ಏಕೆಂದರೆ ತುಕ್ಕು ಇರುವುದು ಅದರ ಅಡಿಯಲ್ಲಿ. ಸಡಿಲ ತುಕ್ಕನ್ನು ತಂತಿ ಬ್ರಷ್ಷಿನಿಂದ ಕೆರೆದು, ತುಕ್ಕು ಪರಿವರ್ತಕ ದ್ರಾವಣ ಬಳಿದು, ಒಣಗಿದ ಮೇಲೆ ತುಕ್ಕುನಿರೋಧಕ ಬಣ್ಣ ಹಚ್ಚಬೇಕು. ಆಸನಗಳ ಬೋಲ್ಟುಗಳು ಬಿಟ್ಟುಹೋದ ತೂತುಗಳನ್ನು ಒಂದೊಂದಾಗಿ ತಗಡಿನ ತುಂಡು ಮತ್ತು ಪಾಲಿಯುರೆಥೇನ್ ಸೀಲೆಂಟ್ ಹಾಕಿ ಮುಚ್ಚಬೇಕು.

ಇದಾದ ಮೇಲೆ, ಒಂದೇ ಒಂದು ಹಾಳೆ ಅಂಟಿಸುವುದಕ್ಕೂ ಮುಂಚೆ, ನೀರಿನ ಪರೀಕ್ಷೆ ಆಗಬೇಕು. ಹೊರಗೆ ಒಬ್ಬರು ಪೈಪಿನಿಂದ ನೀರು ಬಿಡುತ್ತಿರಲಿ, ಒಳಗೆ ಇನ್ನೊಬ್ಬರು ಟಾರ್ಚ್ ಹಿಡಿದು ನೋಡುತ್ತಿರಲಿ. ನೀರನ್ನು ಕೆಳಗಿನಿಂದ ಆರಂಭಿಸಿ ನಿಧಾನವಾಗಿ ಮೇಲೇರಿಸುವುದು ಮುಖ್ಯ. ಮೇಲಿನಿಂದಲೇ ಸುರಿದರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ, ಸೋರುತ್ತಿರುವುದು ಕಿಟಕಿಯ ಚೌಕಟ್ಟೋ, ಮೇಲಿನ ದೀಪದ ಬುಡವೋ, ರಿವೆಟ್ ಸಾಲೋ ತಿಳಿಯುವುದಿಲ್ಲ. ಒಮ್ಮೆ ಹಾಳೆ ಕೂತ ಮೇಲೆ ನೀರು ಒಂದು ಕಡೆ ನುಗ್ಗಿ, ಚೌಕಟ್ಟಿನ ಉದ್ದಕ್ಕೂ ಹರಿದು, ಎಲ್ಲೋ ದೂರದಲ್ಲಿ ಕಾಣಿಸಿಕೊಳ್ಳುತ್ತದೆ. ಆಗ ಮೂಲ ಹುಡುಕಲು ಮಾಡಿದ ಕೆಲಸವನ್ನೆಲ್ಲ ಕಿತ್ತುಹಾಕಬೇಕಾಗುತ್ತದೆ. ಸೋರುವ ಜಾಗಗಳಿಗೆ ಅಗ್ಗವೆಂದು ಸಿಲಿಕೋನ್ ಹಚ್ಚಬೇಡಿ. ಅದರ ಮೇಲೆ ಬಣ್ಣವೂ ನಿಲ್ಲುವುದಿಲ್ಲ, ಮುಂದೆ ದುರಸ್ತಿಗೆ ಬೇರೆ ಸೀಲೆಂಟೂ ಹಿಡಿಯುವುದಿಲ್ಲ.

ತೇವದ ಲೆಕ್ಕ

ಚಳಿಗಿಂತ ಬಸ್ಸಿಗೆ ಹೆಚ್ಚು ಹಾನಿ ಮಾಡುವುದು ಒಳಗಿನವರೇ ಹುಟ್ಟಿಸುವ ನೀರಾವಿ. ಉಸಿರು, ಅಡುಗೆ, ಸ್ನಾನ, ಒಳಗೆ ಒಣಹಾಕಿದ ಬಟ್ಟೆ ಎಲ್ಲದರಿಂದಲೂ ಅದು ಬರುತ್ತದೆ. ಹೊಗೆ ಕೊಳವೆಯಿಲ್ಲದ ಗ್ಯಾಸ್ ಹೀಟರ್ ಇದ್ದರಂತೂ ಕೇಳುವುದೇ ಬೇಡ: ಒಂದು ಕಿಲೋಗ್ರಾಂ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋಗ್ರಾಂ ನೀರು ಆವಿಯಾಗಿ ಅದೇ ಕೋಣೆಗೆ ಸೇರುತ್ತದೆ. ಒಳಗಿನ ಗಾಳಿ 20 ಡಿಗ್ರಿಯಲ್ಲಿದ್ದು ಅದರ ಆರ್ದ್ರತೆ 60 ಪ್ರತಿಶತ ಇದ್ದಾಗ, 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯ ಮೇಲಾದರೂ ಆ ಆವಿ ಹನಿಗಟ್ಟುತ್ತದೆ. ನಮ್ಮ ಉದಾಹರಣೆಯ ಬಸ್ಸಿನಲ್ಲಿ ಬರಿತಗಡಿನ ಒಳಮೈ ಸುಮಾರು 1 ಡಿಗ್ರಿಯಲ್ಲಿರುತ್ತದೆ. 25 ಮಿಲಿಮೀಟರ್ ಹಾಳೆಯ ಒಳಮೈ 16 ಡಿಗ್ರಿಗಿಂತ ಮೇಲಿರುತ್ತದೆ. ಹಾಳೆ ಹಾಕಿದ ಕಡೆ ಒಣಗಿದ್ದು, ಪಕ್ಕದಲ್ಲೇ ಬಿಟ್ಟುಹೋದ ಅಂಗೈ ಅಗಲದ ತಗಡಿನಿಂದ ಬೆಳಗಾಗುವಷ್ಟರಲ್ಲಿ ನೀರು ಇಳಿದು ಪ್ಲೈವುಡ್ಡಿನ ಅಂಚನ್ನು ಕಪ್ಪಾಗಿಸುವುದು ಇದರಿಂದಲೇ.

ಸಾಮಾನ್ಯ ಮನೆಯ ಗೋಡೆಯಲ್ಲಿ ಸೇರಿಕೊಂಡ ತೇವ ಹೊರಮುಖವಾಗಿ ನಿಧಾನಕ್ಕೆ ಆರಿಹೋಗಲು ಅವಕಾಶವಿರುತ್ತದೆ. ಬಸ್ಸಿನ ಹೊರಮೈ ತಗಡಾದ್ದರಿಂದ ಇಲ್ಲಿ ಆ ದಾರಿ ಮುಚ್ಚಿದೆ. ಹಾಗಾಗಿ ಒಳಗಿನ ಗಾಳಿ ತಗಡಿನವರೆಗೆ ತಲುಪದಂತೆ ತಡೆಯುವುದೊಂದೇ ಉಪಾಯ. ಯಾವ ಸಾಮಗ್ರಿ ಕೊಳ್ಳಬೇಕೆಂಬುದನ್ನೂ ಇದೇ ವಿಷಯ ನಿರ್ಧರಿಸುತ್ತದೆ.

ಸಾಮಗ್ರಿಯ ಆಯ್ಕೆ

ಒಂದಕ್ಕೊಂದು ತೆರೆದುಕೊಳ್ಳದ ಸಣ್ಣ ಗುಳ್ಳೆಗಳಿಂದಾದ (ಕ್ಲೋಸ್ಡ್ ಸೆಲ್) ಸ್ಪ್ರೇ ಫೋಮ್ ತಗಡಿಗೇ ಅಂಟಿಕೊಂಡು ಮೂಲೆ ಮುಡುಕುಗಳನ್ನೆಲ್ಲ ತುಂಬುವುದರಿಂದ ಗುಣದಲ್ಲಿ ಎಲ್ಲಕ್ಕಿಂತ ಮೇಲು. ಆದರೆ ಅದು ದುಬಾರಿ. ಸಿಂಪಡಿಸುವಾಗ ಏಳುವ ಐಸೊಸಯನೇಟ್ ಆವಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ ಸರಿಯಾದ ಉಸಿರಾಟದ ಸಲಕರಣೆಯಿಲ್ಲದೆ ಅದನ್ನು ಮುಟ್ಟುವಂತಿಲ್ಲ. ಮಿತವಾದ ಹಣದಲ್ಲಿ ಮಾಡುವವರಿಗೆ ಎಕ್ಸ್‌ಪಿಎಸ್ ಹಾಳೆಗಳೇ ಸೂಕ್ತ. ಅವು ನೀರು ಹೀರುವುದು ತೀರ ಕಡಿಮೆ, ಕಾಲಿನ ಭಾರವನ್ನೂ ತಡೆಯುತ್ತವೆ, ಕಟ್ಟಡಗಳ ಕೆಲಸದಲ್ಲಿ ಮಿಕ್ಕ ಅಥವಾ ಹಳೆಯ ಚಾವಣಿಯಿಂದ ತೆಗೆದ ಹಾಳೆಗಳು ಕಡಿಮೆ ಬೆಲೆಗೆ ಸಿಗುವುದೂ ಉಂಟು. ಅಂಚು ಮುರಿದಿದ್ದರೆ ಚಿಂತೆಯಿಲ್ಲ, ಹೇಗೂ ಕತ್ತರಿಸಬೇಕು. ಒದ್ದೆಯಾಗಿ ಭಾರವಾಗಿದ್ದರೆ ಮಾತ್ರ ಬಿಟ್ಟುಬಿಡಿ. ಥರ್ಮೋಕೋಲ್ ಇನ್ನೂ ಅಗ್ಗ. ಶಾಖ ತಡೆಯುವುದರಲ್ಲಿ ಸ್ವಲ್ಪ ಹಿಂದೆ, ನೀರು ಹೀರುವುದರಲ್ಲಿ ಸ್ವಲ್ಪ ಮುಂದೆ ಇರುವ ಅದನ್ನು ಗೋಡೆಗೆ ಬಳಸಬಹುದು, ನೆಲಕ್ಕೆ ಬೇಡ. ಪಿಐಆರ್ (ಪಾಲಿಐಸೊಸಯನುರೇಟ್ ಫೋಮ್) ಹಾಳೆ ಅದೇ ದಪ್ಪದಲ್ಲಿ ಹೆಚ್ಚು ಶಾಖ ತಡೆಯುತ್ತದೆಯಾದರೂ ಕೊರೆಯುವ ಚಳಿಯಲ್ಲಿ ಅದರ ಗುಣ ಕೊಂಚ ತಗ್ಗುತ್ತದೆ.

ಗ್ಲಾಸ್‌ವೂಲ್, ರಾಕ್‌ವೂಲ್, ಕುರಿಯ ಉಣ್ಣೆ ಮುಂತಾದ ನಾರಿನ ಸಾಮಗ್ರಿಗಳು ಗಾಳಿಯನ್ನು ತಮ್ಮ ಮೂಲಕ ಹಾಯಲು ಬಿಡುತ್ತವೆ. ಅವುಗಳ ಒಳಬದಿಗೆ ಸಂದಿಲ್ಲದ ಪ್ಲಾಸ್ಟಿಕ್ ಪದರವನ್ನು ಟೇಪು ಹಚ್ಚಿ ಕೂರಿಸದಿದ್ದರೆ ಆವಿ ಹಿಂದಿನ ತಗಡಿಗೆ ಹೋಗಿ ನೀರಾಗುತ್ತದೆ. ಕುಲುಕಾಡುವ ಬಸ್ಸಿನಲ್ಲಿ ಆ ಪದರವನ್ನು ಸಂದಿಲ್ಲದಂತೆ ಉಳಿಸಿಕೊಳ್ಳುವುದು ಕಷ್ಟ. ಇನ್ನು ಹೊಳೆಯುವ ಗುಳ್ಳೆ ಹಾಳೆಯ ಬಗ್ಗೆ ಒಂದು ಮಾತು. ಅದು ಶಾಖದ ವಿಕಿರಣವನ್ನು ಮರಳಿಸುವ ವಸ್ತುವಾದ್ದರಿಂದ ಹೊಳೆಯುವ ಮೈಯ ಮುಂದೆ 20 ಮಿಲಿಮೀಟರಿನಷ್ಟಾದರೂ ಗಾಳಿಯ ಅಂತರ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ತಗಡಿಗೂ ಪ್ಲೈವುಡ್‌ಗೂ ನಡುವೆ ಒತ್ತಿ ಕೂರಿಸಿದ ಗುಳ್ಳೆ ಹಾಳೆಯಿಂದ ಆಗುವ ಉಪಯೋಗ, ಅದರ ನಾಲ್ಕೈದು ಮಿಲಿಮೀಟರ್ ದಪ್ಪದಷ್ಟೇ. ಇಡೀ ಬಸ್ಸಿಗೆ ಇದೊಂದನ್ನೇ ಹಾಕಿ ಕೆಲಸ ಮುಗಿಯಿತೆಂದು ಭಾವಿಸುವವರು ಮೋಸಹೋಗುತ್ತಾರೆ.

ಚೌಕಟ್ಟು ಮತ್ತು ಹಾಳೆ

ಬಸ್ಸಿನ ಮೈಯನ್ನು ಹಿಡಿದಿರುವ ಕಮಾನಿನಂಥ ಕಬ್ಬಿಣದ ಪಟ್ಟಿಗಳು ಪಕ್ಕೆಲುಬುಗಳಂತೆ ಸಾಲಾಗಿರುತ್ತವೆ. ಅವುಗಳ ನಡುವಿನ ಜಾಗಕ್ಕೆ ಮಾತ್ರ ಹಾಳೆ ತುಂಬಿ, ಪಟ್ಟಿಗಳ ಮೇಲೆ ನೇರವಾಗಿ ಪ್ಲೈವುಡ್ ಬಿಗಿದುಬಿಡುವುದು ವಾಡಿಕೆ. ಕಬ್ಬಿಣ ಎಕ್ಸ್‌ಪಿಎಸ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಸುಲಭವಾಗಿ ಶಾಖ ಸಾಗಿಸುತ್ತದೆ ಎಂಬುದನ್ನು ನೆನೆದರೆ ಇದರ ದೋಷ ತಿಳಿಯುತ್ತದೆ. 85 ಚದರ ಮೀಟರಿನಲ್ಲಿ 6 ಚದರ ಮೀಟರ್ ಹೀಗೆ ಬರಿಗಬ್ಬಿಣವಾಗಿ ಉಳಿದರೆ ಅದೊಂದರಿಂದಲೇ 880 ವ್ಯಾಟ್, ಅಂದರೆ ಒಟ್ಟು ನಷ್ಟದ ಕಾಲುಭಾಗಕ್ಕಿಂತ ಹೆಚ್ಚು, ಸೋರಿಹೋಗಬಹುದು. ಪ್ರತಿ ಪಟ್ಟಿಯ ಮೇಲೂ ಮೊದಲು ತೆಳುವಾದ ಫೋಮ್ ಅಥವಾ ಕಾರ್ಕ್ ಪಟ್ಟಿಯನ್ನು ಅಂಟಿಸಿ, ಅದರ ಮೇಲೆ 20 ರಿಂದ 25 ಮಿಲಿಮೀಟರ್ ದಪ್ಪದ ಮರದ ರೀಪರನ್ನು ಸ್ಕ್ರೂ ಹಾಕಿ ಬಿಗಿಯಬೇಕು. ಮುಂದೆ ಒಳಹೊದಿಕೆಯನ್ನು ರೀಪರಿಗೆ ಮಾತ್ರ ಬಿಗಿಯಬೇಕು. ಒಂದು ಸ್ಕ್ರೂ ಕೂಡ ಒಳಮೈಯಿಂದ ಹೊರಟು ಕಬ್ಬಿಣವನ್ನು ಮುಟ್ಟಬಾರದು. ಮುಟ್ಟಿದರೆ ಚಳಿಗಾಲದ ಬೆಳಿಗ್ಗೆ ಆ ಸ್ಕ್ರೂವಿನ ತಲೆಯ ಮೇಲೆ ಮಾತ್ರ ಒಂದು ಹನಿ ನಿಂತಿರುವುದನ್ನು ಕಾಣಬಹುದು.

ರೀಪರ್ ಆದ ಮೇಲೆ ವಿದ್ಯುತ್ ತಂತಿಗಳು. ಪಿವಿಸಿ ಹೊದಿಕೆಯ ತಂತಿ ಎಕ್ಸ್‌ಪಿಎಸ್ ಅಥವಾ ಥರ್ಮೋಕೋಲಿಗೆ ನೇರವಾಗಿ ತಾಗಿಕೊಂಡಿದ್ದರೆ, ತಂತಿಗೆ ಮೆದುತನ ಕೊಡುವ ಅಂಶ ಹಾಳೆಗೆ ಹೀರಿಹೋಗಿ ಕಾಲಕ್ರಮೇಣ ಹೊದಿಕೆ ಪೆಡಸಾಗಿ ಬಿರುಕು ಬಿಡುತ್ತದೆ. ಗೋಡೆಯೊಳಗೆ ಬಿರುಕುಬಿಟ್ಟ ತಂತಿ ಎಂದರೆ ಬೆಂಕಿಯ ಅಪಾಯ. ತಂತಿಗಳನ್ನು ಕಾಂಡ್ಯೂಟ್ ಕೊಳವೆಯೊಳಗೆ ಎಳೆಯಿರಿ.

ಹಾಳೆಯನ್ನು ಪಟ್ಟಿಗಳ ನಡುವಿನ ಅಳತೆಗಿಂತ ಎಲ್ಲ ಕಡೆ ನಾಲ್ಕೈದು ಮಿಲಿಮೀಟರ್ ಚಿಕ್ಕದಾಗಿ ಕತ್ತರಿಸಿ, ಸುತ್ತಲಿನ ಸಂದಿಗೆ ಡಬ್ಬಿಯಲ್ಲಿ ಬರುವ ಪಾಲಿಯುರೆಥೇನ್ (ಪಿಯು) ಫೋಮ್ ತುಂಬುವುದು, ಇಂಚಿಂಚೂ ಕರಾರುವಾಕ್ಕಾಗಿ ಕತ್ತರಿಸಲು ಹೆಣಗುವುದಕ್ಕಿಂತ ಲೇಸು. ಅಂಟು ಕೊಳ್ಳುವಾಗ ಅದು ಪಾಲಿಸ್ಟೈರೀನ್‌ಗೆ ಒಗ್ಗುವುದೇ ಎಂದು ನೋಡಿಕೊಳ್ಳಬೇಕು, ಏಕೆಂದರೆ ದ್ರಾವಕವಿರುವ ಸಾಮಾನ್ಯ ಅಂಟುಗಳು ಈ ಹಾಳೆಯನ್ನು ಕರಗಿಸಿಬಿಡುತ್ತವೆ. ಅಂಟನ್ನು ಬೊಟ್ಟು ಬೊಟ್ಟಾಗಿ ಇಡದೆ ಹಾಳೆಯ ಅಂಚಿನ ಸುತ್ತಲೂ ಒಂದೇ ಎಳೆಯಾಗಿ ಹಚ್ಚಿದರೆ ಹಿಂದೆ ಗಾಳಿ ಓಡಾಡುವುದಿಲ್ಲ. ಚಾವಣಿಯ ಬಾಗಿಗೆ 25 ಮಿಲಿಮೀಟರ್ ಹಾಳೆ ಬಗ್ಗದೆ ಮುರಿಯುತ್ತಿದ್ದರೆ, 12 ಮಿಲಿಮೀಟರಿನ ಎರಡು ಹಾಳೆಗಳನ್ನು ಒಂದರ ಸೇರುವೆಯ ಮೇಲೆ ಇನ್ನೊಂದರ ಸೇರುವೆ ಬಾರದಂತೆ ಅಂಟಿಸಿ. ಕೊನೆಯಲ್ಲಿ ಪಟ್ಟಿ, ರೀಪರ್, ಹಾಳೆ ಸೇರುವ ಕಡೆಯೆಲ್ಲ ಅಲ್ಯೂಮಿನಿಯಂ ಟೇಪು ಎಳೆದುಬಿಡಿ. ಹೊದಿಕೆ ಹಾಕುವ ಮುನ್ನ ಗಾಳಿಯಿರುವ ದಿನ ಊದುಬತ್ತಿ ಹಚ್ಚಿ ಸಂದುಗಳ ಬಳಿ ಹಿಡಿದು ಸುತ್ತಿ ಬಂದರೆ, ಹೊಗೆ ಅಲುಗಿದ ಕಡೆ ಇನ್ನೂ ಕೆಲಸವಿದೆ ಎಂದು ಗೊತ್ತಾಗುತ್ತದೆ.

ನೆಲದ ಕೆಲಸ ಸರಳ. ಬಣ್ಣ ಹಚ್ಚಿದ ತಗಡಿನ ಮೇಲೆ 25 ಮಿಲಿಮೀಟರ್ ಎಕ್ಸ್‌ಪಿಎಸ್ ಹಾಸಿ, ಸೇರುವೆಗಳಿಗೆ ಟೇಪು ಹಚ್ಚಿ, ಅದರ ಮೇಲೆ 12 ರಿಂದ 18 ಮಿಲಿಮೀಟರ್ ಪ್ಲೈವುಡ್ ಹಾಸಿದರೆ ಸಾಕು. ಅದನ್ನು ತಗಡಿಗೆ ಸ್ಕ್ರೂ ಹೊಡೆಯುವ ಅಗತ್ಯವಿಲ್ಲ. ಚಕ್ರಗಳ ಮೇಲಿನ ಕಬ್ಬಿಣದ ಪೆಟ್ಟಿಗೆಗಳನ್ನು ಮಾತ್ರ ಮರೆಯಬೇಡಿ. ಅವು ಮಂಚದ ಅಡಿಗೆ ಬಂದಾಗ ಎಲ್ಲರೂ ಮರೆಯುವುದೇ ಅವನ್ನು.

ಫೋಮ್ ಹಾಳೆಗಳೆಲ್ಲ ಉರಿಯುವಂಥವು, ಉರಿದರೆ ವಿಷದ ಹೊಗೆ ಬರುತ್ತದೆ. ಒಳಗೆ ಎಲ್ಲಿಯೂ ಅವು ತೆರೆದುಕೊಂಡಿರಬಾರದು, ಗಟ್ಟಿ ಒಳಹೊದಿಕೆ ಬರಲೇಬೇಕು. ಕಟ್ಟಿಗೆ ಒಲೆ ಇಡುವ ಮೂಲೆಯಲ್ಲಿ ಮತ್ತು ಹೊಗೆ ಕೊಳವೆ ಚಾವಣಿಯನ್ನು ದಾಟುವ ಕಡೆಯಲ್ಲಿ ಫೋಮ್ ಬದಲು ರಾಕ್‌ವೂಲ್ ಹಾಕಿ, ಒಲೆ ತಯಾರಕರು ಹೇಳಿರುವಷ್ಟು ಅಂತರ ಬಿಡಿ.

ಕಿಟಕಿ, ಬಾಗಿಲು, ಚಾಲಕನ ಜಾಗ

ಬೇಡದ ಕಿಟಕಿಗಳನ್ನು ತೆಗೆದು ಹೊರಗಿನಿಂದ ತಗಡು ರಿವೆಟ್ ಮಾಡಿಸಿ, ಒಳಗಿನಿಂದ ಹಾಳೆ ತುಂಬುವುದು ಶಾಶ್ವತ ಪರಿಹಾರ. ತುರ್ತು ನಿರ್ಗಮನದ ಕಿಟಕಿ ಅಥವಾ ಬಾಗಿಲನ್ನು ಎಂದಿಗೂ ಹೀಗೆ ಮುಚ್ಚಬಾರದು. ಉಳಿಸಿಕೊಂಡ ಕಿಟಕಿಗಳಿಗೆ ಹಾಳೆಯ ಮುಚ್ಚಳ ಮಾಡುವ ಬಗೆ ಹೀಗಿದೆ. ಮೊದಲು ಪ್ರತಿ ಕಿಟಕಿಗೂ ರಟ್ಟಿನಿಂದ ಅಚ್ಚು ತೆಗೆಯಿರಿ, ಏಕೆಂದರೆ ಒಂದೇ ಅಳತೆಯಂತೆ ಕಾಣುವ ಬಸ್ಸಿನ ಕಿಟಕಿಗಳಲ್ಲೂ ಕೆಲವು ಮಿಲಿಮೀಟರಿನ ವ್ಯತ್ಯಾಸ ಇರುತ್ತದೆ. ಎಕ್ಸ್‌ಪಿಎಸ್ ಹಾಳೆಯನ್ನು ಅಚ್ಚಿಗಿಂತ ತುಸು ಚಿಕ್ಕದಾಗಿ ಕತ್ತರಿಸಿ, ಸುತ್ತಲ ಅಂಚಿಗೆ ಮೆತ್ತನೆಯ ಫೋಮ್ ಪಟ್ಟಿ ಅಂಟಿಸಿದರೆ ಅದು ಚೌಕಟ್ಟಿನಲ್ಲಿ ಒತ್ತಿಕೊಂಡು ಕೂರುತ್ತದೆ. ಒಳಮುಖಕ್ಕೆ ಬೆಂಕಿ ಸುಲಭಕ್ಕೆ ತಗಲದ ದಪ್ಪ ಬಟ್ಟೆಯನ್ನು ಹೊದಿಸಿ, ಎಳೆದು ತೆಗೆಯಲು ಒಂದು ಪಟ್ಟಿ ಹೊಲಿಯಿರಿ. ಗಾಜಿನ ಕಡೆಗೆ ಬಿಳಿ ಅಥವಾ ಹೊಳೆಯುವ ಮೈ ಇರಲಿ. ಕಪ್ಪು ಬಣ್ಣವಿದ್ದು ಬಿಸಿಲು ಬಿದ್ದರೆ ಗಾಜಿನ ಹಿಂದೆ ಶಾಖ ಏರಿ ಹಾಳೆ ಸೊಟ್ಟಗಾಗುತ್ತದೆ. ಹಿಂಭಾಗದಲ್ಲಿ ಯಾವ ಮುಚ್ಚಳ ಯಾವ ಕಿಟಕಿಯದ್ದೆಂದು ಬರೆದಿಡಿ.

ಮುಚ್ಚಳ ಹಾಕಿದಾಗ ಗಾಜು ಮೊದಲಿಗಿಂತಲೂ ತಣ್ಣಗಾಗುತ್ತದೆ, ಆದ್ದರಿಂದ ಅಂಚಿನ ಬಿಗಿ ಸಡಿಲವಾಗಿದ್ದರೆ ಗಾಜಿನ ಮೇಲೆ ನೀರು ಹೆಚ್ಚೇ ಕೂಡುತ್ತದೆ. ಬೆಳಿಗ್ಗೆ ಮುಚ್ಚಳ ತೆಗೆದು ಗಾಜು ಒರೆಸುವುದನ್ನು ರೂಢಿ ಮಾಡಿಕೊಳ್ಳಬೇಕು. ಬೆಳಕು ಬೇಕಾದ ಕಿಟಕಿಗಳಿಗೆ, ಶಾಖಕ್ಕೆ ಬಿಗಿಯುವ ಪಾರದರ್ಶಕ ಹಾಳೆಯನ್ನು ಎರಡು ಬದಿಯ ಟೇಪಿನಿಂದ ಚೌಕಟ್ಟಿಗೆ ಅಂಟಿಸಿ ಹೇರ್ ಡ್ರೈಯರಿನಿಂದ ಬಿಗಿಗೊಳಿಸಿದರೆ ನಡುವೆ ಗಾಳಿಯ ಒಂದು ಪದರ ಸಿಗುತ್ತದೆ. ಅದಕ್ಕೂ ಹಣವಿಲ್ಲದಿದ್ದರೆ ಸಾಮಾನು ಸುತ್ತುವ ಗುಳ್ಳೆ ಪ್ಲಾಸ್ಟಿಕ್ಕನ್ನೇ, ಗಾಜಿಗೆ ನೀರು ಚಿಮುಕಿಸಿ, ಗುಳ್ಳೆಯ ಮೈ ಗಾಜಿಗೆ ತಾಗುವಂತೆ ಒತ್ತಿ ಅಂಟಿಸಬಹುದು.

ಚಾಲಕನ ಭಾಗದಲ್ಲಿ ದೊಡ್ಡ ಮುಂಗಾಜು, ಮಡಚುವ ಬಾಗಿಲು, ಮೆಟ್ಟಿಲಿನ ಗುಂಡಿ, ಪೆಡಲುಗಳ ತೂತುಗಳು ಎಲ್ಲ ಒಂದೆಡೆ ಸೇರಿವೆ. ಅದಿಷ್ಟನ್ನೂ ಬಿಗಿಮಾಡಲು ಹೋಗುವುದಕ್ಕಿಂತ ನಿಲ್ಲಿಸಿರುವಾಗ ಆ ಭಾಗವನ್ನೇ ಮನೆಯಿಂದ ಬೇರ್ಪಡಿಸುವುದು ಅಗ್ಗ. ಹಳೆಯ ಕಂಬಳಿಗಳನ್ನು ಎರಡು ಪದರವಾಗಿ ಹೊಲಿದ ಪರದೆಯೊಂದನ್ನು ಚಾಲಕನ ಆಸನದ ಹಿಂದೆ ಇಳಿಬಿಡಿ. ಅದು ನೆಲಕ್ಕೆ ತಾಗಿ ಒಂದಿಷ್ಟು ಮಡಿಕೆ ಬೀಳುವಷ್ಟು ಉದ್ದವಿರಬೇಕು, ಬದಿಗಳಲ್ಲಿ ಗೋಡೆಗೆ ಅಂಟುಪಟ್ಟಿಯಿಂದ ಹಿಡಿದುಕೊಳ್ಳಬೇಕು. ಕೆಳಗೆ ಸಂದಿದ್ದರೆ ತಣ್ಣನೆಯ ಗಾಳಿ ನೆಲದ ಮೇಲೆ ಹರಿದುಬಂದು ಪರದೆಯ ಉಪಯೋಗವೆಲ್ಲ ಹೋಗುತ್ತದೆ. ಮೆಟ್ಟಿಲಿನ ಗುಂಡಿಗೆ ಹಾಳೆ ಅಂಟಿಸಿದ ಪ್ಲೈವುಡ್ ಮುಚ್ಚಳ ಮಾಡಿ.

ಗಾಳಿ ಬೇಕೇ ಬೇಕು

ಇಷ್ಟೆಲ್ಲ ಬಿಗಿ ಮಾಡಿದ ಮೇಲೆ ಬೇಕೆಂದೇ ಗಾಳಿ ಬಿಡುವುದು ವಿಚಿತ್ರವೆನಿಸಬಹುದು. ಆದರೆ ನಮ್ಮ ಉದಾಹರಣೆಯ ಬಸ್ಸಿನಲ್ಲಿ ಒಳಗಿನ ಗಾಳಿಯೆಲ್ಲ ಗಂಟೆಗೊಮ್ಮೆ ಬದಲಾದರೂ ಆಗುವ ನಷ್ಟ 380 ವ್ಯಾಟ್ ಮಾತ್ರ. ತೇವ ಹೊರಹೋಗಲು ಕೊಡುವ ಈ ಬೆಲೆ ಹೆಚ್ಚಲ್ಲ. ಚಾವಣಿಯ ಕಿಂಡಿಯನ್ನು ಒಂದೆರಡು ಸೆಂಟಿಮೀಟರ್ ತೆರೆದಿಟ್ಟು, ಎದುರು ತುದಿಯಲ್ಲಿ ಕೆಳಗೊಂದು ಸಣ್ಣ ಕಿಂಡಿ ಬಿಡಿ. ಉರಿಯುವ ಹೀಟರ್ ಯಾವುದೇ ಆಗಲಿ, ಹೊಗೆಯನ್ನು ಹೊರಗೆ ಬಿಡುವಂಥದ್ದೇ ಆಗಿರಲಿ, ಅಡುಗೆಯ ಒಲೆಯಿಂದ ಕೋಣೆ ಬಿಸಿಮಾಡುವ ಅಭ್ಯಾಸ ಬೇಡ. ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಸಾಧನವನ್ನು ಮಲಗುವ ಜಾಗದ ಬಳಿ ಇಡಬೇಕು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಅದರ ಎಚ್ಚರಿಕೆ ಸಾಧನ ನೆಲದ ಹತ್ತಿರ ಇರಬೇಕು. ಎಷ್ಟೇ ಹಣದ ಬಿಕ್ಕಟ್ಟಿದ್ದರೂ ಈ ಎರಡನ್ನು ಕೈಬಿಡಬಾರದು.

ಹಾಸಿಗೆಯನ್ನು ಹಲಗೆಯ ಮೇಲೆ ನೇರವಾಗಿ ಹಾಸಿದರೆ ದೇಹದ ತೇವ ಅದರ ಅಡಿಯಲ್ಲಿ ತಣಿದು ಬೂಷ್ಟು ಹಿಡಿಯುತ್ತದೆ. ಪಟ್ಟಿಗಳ ಮಂಚ ಮಾಡಿ, ಕೆಳಗೆ ಗಾಳಿ ಆಡುವಂತಿರಲಿ. ಬಟ್ಟೆಯ ಕಪಾಟನ್ನೂ ಹೊರಗೋಡೆಯಿಂದ ಎರಡು ಬೆರಳು ದೂರವಿಡಿ.

ಒಂದೇ ಕಡೆ ಚಳಿಗಾಲ ಕಳೆಯುವವರು ಬಸ್ಸಿನ ಸುತ್ತ ನೆಲದವರೆಗೆ ಟಾರ್ಪಾಲಿನ್ ಅಥವಾ ಹಾಳೆಗಳ ಅಂಚು ಕಟ್ಟಿದರೆ ಅಡಿಯಲ್ಲಿ ಗಾಳಿ ಬೀಸುವುದು ನಿಲ್ಲುತ್ತದೆ. ಎಂಜಿನ್ ಮತ್ತು ಹೀಟರಿನ ಹೊಗೆ ಕೊಳವೆಗಳ ಬಾಯಿ ಆ ಅಂಚಿನಿಂದ ಹೊರಗಿರಬೇಕು. ಹಿಮ ಬಿದ್ದಾಗಲೂ ಅವು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ಒಣಹುಲ್ಲಿನ ಪಿಂಡಿಗಳನ್ನು ಸುತ್ತ ಜೋಡಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ, ಅವು ತೇವ ಹಿಡಿಯುತ್ತವೆ, ಇಲಿಗಳನ್ನು ಕರೆಯುತ್ತವೆ, ಬೆಂಕಿಗೂ ಸುಲಭ ತುತ್ತು. ನೀರಿನ ತೊಟ್ಟಿ ಮತ್ತು ಕೊಳವೆಗಳನ್ನು ಸಾಧ್ಯವಾದಷ್ಟೂ ಒಳಗೇ ಇಡಬೇಕು, ಏಕೆಂದರೆ ಬಸ್ಸಿನ ಅಡಿಯಲ್ಲಿರುವ ತೊಟ್ಟಿಗೆ ಎಷ್ಟು ಹಾಳೆ ಸುತ್ತಿದರೂ ನೀರು ಹೆಪ್ಪುಗಟ್ಟುವುದು ತಡವಾಗುತ್ತದೆಯೇ ಹೊರತು ತಪ್ಪುವುದಿಲ್ಲ. ಬಸ್ಸನ್ನು ಕೆಲವು ದಿನ ಬಿಸಿಯಿಲ್ಲದೆ ಬಿಟ್ಟುಹೋಗುವುದಾದರೆ ತೊಟ್ಟಿ, ಕೊಳವೆ ಮತ್ತು ಪಂಪಿನ ನೀರನ್ನೆಲ್ಲ ಬಸಿದು, ನಲ್ಲಿಗಳನ್ನು ತೆರೆದಿಟ್ಟು ಹೊರಡಿ.